ಹಳೇ ಕೋಡಿಗೂ ಒಂದು ಮದರ್ ಡೀಡ್

ಬೆಂಗಳೂರಿನ ಸುತ್ತಮುತ್ತ ಸೈಟು ಕೊಳ್ಳಲು ಓಡಾಡಿದವರನ್ನು ಕೇಳಿ ನೋಡಿ. ವಕೀಲರು ಮೊದಲು ವಿಚಾರಿಸುವುದು ಸೈಟಿನ ಹಿಂದಿನ ಕಥೆಯನ್ನು. "ಮದರ್ ಡೀಡ್ ಎಲ್ಲಿ? ಮೂವತ್ತು ವರ್ಷದ ಇಸಿ ತೆಗೆಸಿದ್ರಾ? ಇವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು?" ಸೈಟು ಕಣ್ಣೆದುರಿಗೇ ಇದೆ, ನಾಲ್ಕೂ ಮೂಲೆಗೆ ಕಲ್ಲು ನೆಟ್ಟಿದೆ. ಆದರೂ ಕಾಗದದ ಸರಪಳಿ ಒಂದು ಕಡೆ ತುಂಡಾಗಿದ್ದರೆ ಬ್ಯಾಂಕಿನವರು ಸಾಲದ ಫೈಲು ಮುಚ್ಚಿಬಿಡುತ್ತಾರೆ.

ಸಾಫ್ಟ್‌ವೇರಿಗೂ ಇಂಥದ್ದೇ ಕಾಗದಪತ್ರ ಇರುತ್ತೆ. ಯಾವ ಸಾಲನ್ನು ಯಾರು, ಯಾವಾಗ, ಯಾಕೆ ಬದಲಾಯಿಸಿದರು ಅನ್ನುವ ದಾಖಲೆ. ಅದನ್ನು ಕಾಪಾಡುವ ವ್ಯವಸ್ಥೆಗೆ ವರ್ಶನ್ ಕಂಟ್ರೋಲ್ ಅಂತ ಹೆಸರು. ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ವರ್ಶನ್ ಕಂಟ್ರೋಲ್ ಅಂದರೆ ಗಿಟ್, ಗಿಟ್ ಅಂದರೆ ಗಿಟ್‌ಹಬ್, ಅಷ್ಟೇ. ಆದರೆ ಎಷ್ಟೋ ಕಂಪನಿಗಳ ಸರ್ವರ್ ಕೋಣೆಯ ಮೂಲೆಯಲ್ಲಿ ಹಳೇ ಸಬ್‌ವರ್ಶನ್, ಅಂದರೆ ಎಸ್‌ವಿಎನ್, ಇನ್ನೂ ಉಸಿರಾಡುತ್ತಿದೆ. ಕೆಲವು ಕಡೆ ಅದಕ್ಕೂ ಹಿಂದಿನ ಸಿವಿಎಸ್ ಕೂಡ ಇದೆ.

ಅಂಥ ಒಂದು ಹಳೇ ರೆಪಾಸಿಟರಿಯನ್ನು ಗಿಟ್‌ಗೆ ಸಾಗಿಸುವ ಕೆಲಸ ಹೋದ ವರ್ಷ ನಮ್ಮ ನಾಲ್ಕು ಜನರ ತಂಡದ ಪಾಲಿಗೆ ಬಂತು. ನಮ್ಮ ಕಂಪನಿ ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡುತ್ತೆ. ರೆಪಾಸಿಟರಿ ಶುರುವಾಗಿದ್ದು 2006ರಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ. ಪ್ಲಾನಿನಲ್ಲಿ ಈ ಕೆಲಸಕ್ಕೆ ಎರಡು ದಿನ ಅಂತ ಬರೆದಿತ್ತು. ಹಿಡಿದದ್ದು ಆರು ವಾರ. ಕೋಡ್ ಸಾಗಿಸಲು ನಿಜಕ್ಕೂ ಎರಡೇ ದಿನ ಸಾಕಿತ್ತು. ಮಿಕ್ಕಿದ್ದೆಲ್ಲ ಅದರ ಕಥೆ ಸಾಗಿಸಲು ಹೋಯಿತು. ಅಷ್ಟು ದಿನ ಯಾಕೆ ಬೇಕಾಯ್ತು, ಅದು ದಂಡವಾಯಿತಾ ಅಂತ ಈ ಸಲ ಹೇಳ್ತೀನಿ. ನಾಳೆ ನಿಮ್ಮ ಮೇಜಿಗೂ ಈ ಕೆಲಸ ಬಂದೀತು.

ಐವತ್ತು ವರ್ಷದ ಮನೆತನ

ಗಿಟ್ ಆಕಾಶದಿಂದ ಉದುರಿದ್ದಲ್ಲ, ಅದಕ್ಕೆ ಮುತ್ತಜ್ಜ, ಅಜ್ಜ ಎಲ್ಲ ಇದ್ದಾರೆ. 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಕ್‌ಕೈಂಡ್ ಎಸ್‌ಸಿಸಿಎಸ್ ಅನ್ನುವ ವ್ಯವಸ್ಥೆ ಬರೆದರು. ಒಂದು ಫೈಲಿನ ಎಲ್ಲ ಹಳೇ ರೂಪಗಳನ್ನೂ ಒಟ್ಟಿಗೆ ಕಾಯ್ದಿಡುವ ಮೊದಲ ಪ್ರಯತ್ನಗಳಲ್ಲಿ ಅದು ಮುಖ್ಯವಾದದ್ದು. ಹತ್ತು ವರ್ಷದ ನಂತರ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಕಿ ಆರ್‌ಸಿಎಸ್ ತಂದರು. 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಪ್ರಾಧ್ಯಾಪಕ ಡಿಕ್ ಗ್ರೂನ್ ಅದರ ಮೇಲೆ ಸಿವಿಎಸ್ ಕಟ್ಟಿದರು. ಹಲವರು ಒಂದೇ ಕೋಡಿನ ಮೇಲೆ ಏಕಕಾಲಕ್ಕೆ ಕೆಲಸ ಮಾಡಲಿ ಅನ್ನುವುದು ಅವರ ಉದ್ದೇಶ.

ಸಿವಿಎಸ್‌ಗೆ ಒಂದು ದೊಡ್ಡ ಕೊರತೆ ಇತ್ತು. ಅದು ಪ್ರತಿ ಫೈಲಿನ ಇತಿಹಾಸವನ್ನೂ ಬೇರೆ ಬೇರೆ ಇಡುತ್ತಿತ್ತು. ನೀವು ಒಂದೇ ಕೆಲಸಕ್ಕಾಗಿ ಹತ್ತು ಫೈಲು ಬದಲಾಯಿಸಿದರೆ ಈ ಹತ್ತೂ ಒಂದೇ ಕೆಲಸ ಅಂತ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಆ ಕೊರತೆ ನೀಗಿಸಲು 2000ದಲ್ಲಿ ಸಬ್‌ವರ್ಶನ್ ಯೋಜನೆ ಶುರುವಾಯಿತು. 2004ರಲ್ಲಿ ಅದರ 1.0 ಆವೃತ್ತಿ ಬಂತು. ಎಲ್ಲ ಕೋಡ್ ಒಂದು ಸರ್ವರ್‌ನಲ್ಲಿ, ಪ್ರತಿ ಬದಲಾವಣೆಗೂ 1, 2, 3 ಅಂತ ಏರುವ ಒಂದೇ ಸಂಖ್ಯೆ. ಅಂಗಡಿಯ ಬಿಲ್ ಬುಕ್ಕಿನ ಹಾಗೆ ಸರಳ.

2005ರಲ್ಲಿ ಲಿನಕ್ಸ್ ಕರ್ನಲ್ ತಂಡಕ್ಕೆ ಒಂದು ಇಕ್ಕಟ್ಟು ಬಂತು. ಅವರು ಬಳಸುತ್ತಿದ್ದ ಬಿಟ್‌ಕೀಪರ್ ಅನ್ನುವ ಖಾಸಗಿ ಸಾಫ್ಟ್‌ವೇರಿನ ಉಚಿತ ಪರವಾನಗಿ ನಿಂತುಹೋಯಿತು. ಲಿನಸ್ ಟೊರ್ವಾಲ್ಡ್ಸ್ ಕೂತು ತಾವೇ ಒಂದು ಬರೆದರು. ಅದೇ ಗಿಟ್. ಅದರ ಮೊದಲ ಕಮಿಟ್‌ನ ತಾರೀಕು 2005ರ ಏಪ್ರಿಲ್ 7. ಗಿಟ್‌ನಲ್ಲಿ ಪೂರ್ತಿ ಇತಿಹಾಸ ಪ್ರತಿಯೊಬ್ಬರ ಲ್ಯಾಪ್‌ಟಾಪಿಗೂ ಇಳಿಯುತ್ತೆ. ಸರ್ವರ್ ಸತ್ತರೂ ಕಥೆ ಸಾಯಲ್ಲ. ಈ ಒಂದು ಗುಣವೇ ಸಾಗಿಸುವಾಗ ವರವೂ ಹೌದು, ತಲೆನೋವೂ ಹೌದು. ತಲೆನೋವಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಹತ್ತು ನಿಮಿಷದ ದಾರಿ

ಹಳೇ ರೆಪಾಸಿಟರಿ ಸಾಗಿಸಲು ಒಂದು ಸುಲಭದ ದಾರಿ ಇದೆ. ಇವತ್ತಿನ ಕೋಡನ್ನು ಕಾಪಿ ಮಾಡಿ, ಹೊಸ ಗಿಟ್ ಫೋಲ್ಡರಿಗೆ ಹಾಕಿ, ‘ಇನಿಷಿಯಲ್ ಕಮಿಟ್’ ಅಂತ ಬರೆದು ಎಂಟರ್ ಒತ್ತಿ. ಕಾಫಿ ಆರುವ ಮೊದಲೇ ಕೆಲಸ ಮುಗಿಯುತ್ತೆ. "ಹಳೇದು ಹಳೇ ಸರ್ವರ್‌ನಲ್ಲಿ ಇದ್ದೇ ಇರುತ್ತಲ್ಲ, ಬೇಕಾದರೆ ನೋಡಿಕೊಳ್ಳೋಣ" ಅನ್ನುವುದು ವಾದ. ನಮ್ಮ ಮೀಟಿಂಗಿನಲ್ಲೂ ಇದೇ ಮಾತು ಬಂತು. ಹೇಗಿರುತ್ತೆ ನೋಡೋಣ ಅಂತ ಒಂದು ಪ್ರತಿಯನ್ನು ಹಾಗೇ ಮಾಡಿ ತಂಡಕ್ಕೆ ಕೊಟ್ಟೆವು.

ಎರಡೇ ದಿನದಲ್ಲಿ ತಮಾಷೆ ಶುರುವಾಯಿತು. ಗಿಟ್‌ನಲ್ಲಿ ‘ಬ್ಲೇಮ್’ ಅನ್ನುವ ಆಜ್ಞೆ ಇದೆ, ಗೊತ್ತಲ್ಲ. ಯಾವ ಸಾಲು ಯಾರು ಬರೆದದ್ದು ಅಂತ ಹೇಳುತ್ತೆ. ಆ ಪ್ರತಿಯಲ್ಲಿ ಯಾವ ಸಾಲಿನ ಮೇಲೆ ಬೆರಳಿಟ್ಟರೂ ನನ್ನ ಹೆಸರೇ ಬರುತ್ತಿತ್ತು, ಕಮಿಟ್ ಮಾಡಿದ್ದು ನನ್ನ ಲ್ಯಾಪ್‌ಟಾಪಿನಿಂದ. ನಾನು ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಯುತ್ತಿದ್ದಾಗ ಯಾರೋ ಬರೆದ ಬಡ್ಡಿ ಲೆಕ್ಕಕ್ಕೂ ನಾನೇ ಕರ್ತೃ. "ಸಾರ್, ಈ ಲೂಪ್ ಯಾಕೆ ಹೀಗೆ ಬರೆದ್ರಿ?" ಅಂತ ಹೊಸ ಹುಡುಗಿ ಬಂದು ಕೇಳಿದಾಗ ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಪ್ರಶ್ನೆ ಹಾಗೇ ಉಳಿಯಿತು. ಯಾಕೆ ಹೀಗೆ ಬರೆದರು?

ಸುಲಭದ ದಾರಿಯ ಪರ ಮಾತಾಡುವವರು ಒಂದು ದೊಡ್ಡ ಹೆಸರು ಹೇಳುತ್ತಾರೆ. "ಲಿನಸ್ ಕೂಡ ಹಾಗೇ ಮಾಡಿದ್ರು!" ನಿಜ. 2005ರ ಏಪ್ರಿಲ್ 16ರಂದು ಲಿನಕ್ಸ್ ಕರ್ನಲ್ ಗಿಟ್‌ಗೆ ಬಂದಾಗ ಅವರು 2.6.12-ಆರ್‌ಸಿ2 ಆವೃತ್ತಿಯ ಕೋಡನ್ನಷ್ಟೇ ತಂದರು. ಹಿಂದಿನ ಇತಿಹಾಸ ಕೈಯಲ್ಲೇ ಇತ್ತು. ಆದರೆ ಗಿಟ್‌ಗೆ ಹಾಕಿದರೆ ಸುಮಾರು 3.2 ಜಿಬಿ ಆಗುತ್ತಿತ್ತು. ಹತ್ತು ದಿನದ ಕೂಸಾಗಿದ್ದ ಗಿಟ್‌ಗೆ ಅಷ್ಟು ಭಾರ ಬೇಡ ಅಂತ ಬಿಟ್ಟರು. ಬೇಕಾದರೆ ಇತಿಹಾಸಕ್ಕೆ ಬೇರೆ ಭಂಡಾರ ಮಾಡಬಹುದು ಅಂತ ಅದೇ ಕಮಿಟ್ ಸಂದೇಶದಲ್ಲಿ ಬರೆದೂ ಇಟ್ಟರು.

ಕಥೆಯ ಮುಂದಿನ ಭಾಗವನ್ನು ಮಾತ್ರ ಯಾರೂ ಹೇಳಲ್ಲ. ಆ ಬಿಟ್‌ಕೀಪರ್ ಕಾಲದ ಇತಿಹಾಸವನ್ನು ಆಮೇಲೆ ಬೇರೆಯಾಗಿ ಗಿಟ್‌ಗೆ ತಂದಿಟ್ಟರು. ‘ಗಿಟ್ ರಿಪ್ಲೇಸ್’ ಅನ್ನುವ ಆಜ್ಞೆಯಿಂದ ಹಳೇದರ ಕೊನೆಯನ್ನೂ ಹೊಸದರ ಮೊದಲನ್ನೂ ಗಂಟು ಹಾಕಿದರೆ ಎರಡೂ ಒಂದೇ ದಾರದ ಹಾಗೆ ಕಾಣುತ್ತವೆ. ಕರ್ನಲ್‌ನ ಹಳೇ ಸಾಲಿನ ಮೂಲ ಹುಡುಕುವವರು ಇವತ್ತಿಗೂ ಹಾಗೇ ಮಾಡುತ್ತಾರೆ. ನಮ್ಮ ನಿಮ್ಮ ಕಂಪನಿಯಲ್ಲಿ "ಬೇಕಾದರೆ ನೋಡಿಕೊಳ್ಳೋಣ" ಅಂದ ಹಳೇ ಸರ್ವರ್ ಏನಾಗುತ್ತೆ? ಒಂದೆರಡು ವರ್ಷ ಯಾರೂ ಮುಟ್ಟಲ್ಲ, ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಡುತ್ತಾರೆ, ಒಂದು ದಿನ ಖರ್ಚು ಉಳಿಸುವ ಪಟ್ಟಿಯಲ್ಲಿ ಅದರ ಹೆಸರು ಬರುತ್ತೆ. ಮುಗೀತು.

ಒಂದು ತಾರೀಕಿನ ಕಥೆ

ನಮ್ಮ ಬಾಸ್‌ಗೆ ಆರು ವಾರ ಕೊಡುವ ಮನಸ್ಸಿರಲಿಲ್ಲ. ಅವರ ಮನಸ್ಸು ಬದಲಾಯಿಸಿದ್ದು ಕೋಡಿನ ಒಂದು ಸಾಲು.

ಸಂಘದ ಸದಸ್ಯರು ತೀರಿಕೊಂಡರೆ ಕುಟುಂಬಕ್ಕೆ ಕೊಡುವ ನಿಧಿಯ ಲೆಕ್ಕ ಅದು. ಸದಸ್ಯತ್ವ ಎಷ್ಟು ವರ್ಷದ್ದು ಅನ್ನುವುದರ ಮೇಲೆ ಮೊತ್ತ ಏರುತ್ತೆ. ಅಲ್ಲೊಂದು ಕಡೆ, ಸದಸ್ಯತ್ವದ ದಿನಾಂಕ 01-04-2007 ಆಗಿದ್ದರೆ ಆ ದಿನಾಂಕ ಬಿಟ್ಟು ಇನ್ನೊಂದು ಟೇಬಲ್ಲಿನಿಂದ ತಾರೀಕು ತಗೋ ಅಂತ ಬರೆದಿತ್ತು. ಕೋಡಿನೊಳಗೆ ಹೀಗೆ ನೇರವಾಗಿ ತಾರೀಕು ತುರುಕುವುದು ಒಳ್ಳೇ ಲಕ್ಷಣವಲ್ಲ ಅಂತ ಕಾಲೇಜಿನಲ್ಲೇ ಹೇಳಿಕೊಡುತ್ತಾರೆ. ತಂಡದ ಚುರುಕು ಹುಡುಗನೊಬ್ಬ "ಹೆಂಗೂ ಸಾಗಿಸ್ತಾ ಇದ್ದೀವಿ, ಇಂಥ ಕಸವನ್ನೂ ಗುಡಿಸಿಬಿಡೋಣ" ಅಂದ. ಟೆಸ್ಟ್‌ಗಳೆಲ್ಲ ಆ ಸಾಲಿಲ್ಲದೆಯೂ ಪಾಸಾದವು. ತೆಗೆಯುವ ಮೊದಲು ನಿಯಮದಂತೆ ಬ್ಲೇಮ್ ನೋಡಿದ. ಪ್ರಯೋಗದ ಪ್ರತಿಯಲ್ಲಿ ನನ್ನ ಹೆಸರು! ಹಳೇ ಎಸ್‌ವಿಎನ್‌ಗೆ ಹೋಗಿ ನೋಡಿದ. 2009ರ ಒಂದು ಕಮಿಟ್, ಅದರ ಜೊತೆಗೆ ಐದು ಸಾಲಿನ ಸಂದೇಶ.

ಅದರ ಸಾರ ಇಷ್ಟು. 2007ರ ಏಪ್ರಿಲ್ ಒಂದರಂದು ಸಂಘಗಳ ಕೈಬರಹದ ಲೆಡ್ಜರ್‌ಗಳನ್ನು ಕಂಪ್ಯೂಟರಿಗೆ ಏರಿಸಿದರು. ಹಳೇ ಪುಸ್ತಕಗಳಲ್ಲಿ ಕೆಲವು ಸದಸ್ಯರ ಸೇರ್ಪಡೆ ದಿನಾಂಕ ಓದಲು ಬರಲಿಲ್ಲ. ಅಂಥವರಿಗೆಲ್ಲ ಅವತ್ತಿನ ತಾರೀಕನ್ನೇ ಹಾಕಿ ಮುಂದೆ ಹೋದರು. ಆಮೇಲೆ ಸಂಘದವರು ರಸೀದಿ ಹುಡುಕಿ ಸರಿಯಾದ ದಿನಾಂಕ ಕೊಟ್ಟರು. ಅದನ್ನು ಇನ್ನೊಂದು ಟೇಬಲ್ಲಿನಲ್ಲಿ ಇಟ್ಟರು. ಈ ಸಾಲು ತೆಗೆದರೆ 1980ರ ದಶಕದಲ್ಲಿ ಸೇರಿದವರೂ 2007ರಲ್ಲಿ ಸೇರಿದವರಾಗುತ್ತಾರೆ ಅಂತ ಕೊನೆಯ ವಾಕ್ಯ.

ಅಂದರೆ ಆ ‘ಕಸ’ ಗುಡಿಸಿದ್ದರೆ ಯಾವ ಎರರ್ ಸಂದೇಶವೂ ಬರುತ್ತಿರಲಿಲ್ಲ. ಎಲ್ಲೋ ಒಂದು ಹಳ್ಳಿಯಲ್ಲಿ, ಯಜಮಾನನನ್ನು ಕಳೆದುಕೊಂಡ ಮನೆಗೆ ಸಲ್ಲಬೇಕಾದ್ದಕ್ಕಿಂತ ಕಡಿಮೆ ಹಣ ಹೋಗುತ್ತಿತ್ತು. ಆ ಮನೆಯವರಿಗೆ ಅದು ಕಡಿಮೆ ಅಂತ ಗೊತ್ತೂ ಆಗುತ್ತಿರಲಿಲ್ಲ. ಕೋಡ್ ಏನು ಮಾಡುತ್ತೆ ಅಂತ ಕೋಡೇ ಹೇಳುತ್ತೆ. ಯಾಕೆ ಮಾಡುತ್ತೆ ಅನ್ನುವುದು ಬಹಳ ಸಲ ಇತಿಹಾಸದಲ್ಲಿ ಮಾತ್ರ ಇರುತ್ತೆ. ಆ ಐದು ಸಾಲನ್ನು ಪ್ರೊಜೆಕ್ಟರ್ ಮೇಲೆ ಓದಿದ ಮೇಲೆ ಬಾಸ್ ಆರು ವಾರಕ್ಕೆ ಸಹಿ ಹಾಕಿದರು.

ಇವನ್ಯಾರು, ಹೇಳು

ಎಸ್‌ವಿಎನ್‌ನಿಂದ ಇತಿಹಾಸ ಸಮೇತ ಸಾಗಿಸಲು ‘ಗಿಟ್ ಎಸ್‌ವಿಎನ್’ ಅನ್ನುವ ಸಾಧನ ಗಿಟ್ ಜೊತೆಗೇ ಸಿಗುತ್ತೆ. ಅದು ಹಳೇ ರಿವಿಶನ್‌ಗಳನ್ನು ಒಂದೊಂದಾಗಿ ಓದಿ ಒಂದೊಂದನ್ನೂ ಗಿಟ್ ಕಮಿಟ್ ಮಾಡುತ್ತೆ. ನೆಟ್‌ವರ್ಕ್ ಮೇಲೆ ಮಾಡಿದರೆ ದಿನಗಟ್ಟಲೆ ಹಿಡಿಯಬಹುದು. ಹಳೇ ರೆಪಾಸಿಟರಿಯ ನಕಲನ್ನು ಅದೇ ಯಂತ್ರದೊಳಗೆ ಇಟ್ಟುಕೊಂಡು ಮಾಡಿದರೆ ಬೇಗ ಆಗುತ್ತೆ, ನಿಜವಾದ ಸರ್ವರ್‌ಗೂ ಆಯಾಸವಿಲ್ಲ.

ಅದಕ್ಕೆ ಮೊದಲು ಒಂದು ಪಟ್ಟಿ ಬೇಕು. ಎಸ್‌ವಿಎನ್‌ನಲ್ಲಿ ಬರೀ ಲಾಗಿನ್ ಐಡಿ ಇರುತ್ತೆ. ಗಿಟ್‌ಗೆ ಹೆಸರು ಮತ್ತು ಇಮೇಲ್ ಎರಡೂ ಬೇಕು. ಯಾವ ಐಡಿ ಯಾರದು ಅಂತ ಒಂದು ಫೈಲಿನಲ್ಲಿ ಬರೆದುಕೊಡಬೇಕು. ಪಟ್ಟಿಯಲ್ಲಿಲ್ಲದ ಐಡಿ ಎದುರಾದರೆ ಸಾಧನ ಅಲ್ಲೇ ನಿಂತುಬಿಡುತ್ತೆ. ಇವನ್ಯಾರು ಹೇಳು, ಆಮೇಲೆ ಮುಂದೆ ಹೋಗ್ತೀನಿ ಅನ್ನುವ ಹಾಗೆ. ಈ ಹಟ ನನಗೆ ತುಂಬಾ ಇಷ್ಟವಾಯಿತು.

ನಮ್ಮದರಲ್ಲಿ 63 ಐಡಿ ಸಿಕ್ಕವು. ಹತ್ತೊಂಬತ್ತು ಜನ ಈಗಲೂ ಇದ್ದಾರೆ. ಮಿಕ್ಕವರು ಬಿಟ್ಟುಹೋಗಿದ್ದಾರೆ. ಕೆಲವು ಐಡಿಗಳು ‘ಟ್ರೈನಿ4’, ‘ಕೆಎಸ್‌ಬಿ03’ ಅನ್ನುವ ಥರ. ಬಿಟ್ಟುಹೋದವರನ್ನೆಲ್ಲ ‘ಲೆಗಸಿ ಯೂಸರ್’ ಅಂತ ಒಂದೇ ಹೆಸರಿನಡಿ ಹಾಕಿಬಿಡಿ ಅಂತ ಸಲಹೆ ಬಂತು. ನಾವು ಒಪ್ಪಲಿಲ್ಲ. ಎಚ್‌ಆರ್‌ನವರ ಹಳೇ ಎಕ್ಸೆಲ್, ಕಂಪನಿ ಪಿಕ್ನಿಕ್ಕಿನ ಗ್ರೂಪ್ ಫೋಟೋ ಹಿಂದೆ ಬರೆದಿದ್ದ ಹೆಸರುಗಳು, ನಿವೃತ್ತರಾದ ಅಕೌಂಟ್ಸ್ ಮೇಡಂಗೆ ಫೋನು, ಹೀಗೆ ಹುಡುಕುತ್ತಾ ಹೋದೆವು. ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಂಡ ಒಬ್ಬರದು ಎರಡು ಐಡಿ ಇದ್ದವು. ಅದಕ್ಕೆ ಗಿಟ್‌ನಲ್ಲಿ ‘ಮೇಲ್‌ಮ್ಯಾಪ್’ ಅನ್ನುವ ಅನುಕೂಲ ಇದೆ. ಹಳೇ ಕಮಿಟ್ ತಿದ್ದದೆಯೇ ಎರಡು ಹೆಸರೂ ಒಬ್ಬರದೇ ಅಂತ ಹೇಳಬಹುದು. ಅವರನ್ನೇ ಕೇಳಿ ಅವರಿಗೆ ಬೇಕಾದ ಹೆಸರು ಹಾಕಿದೆವು.

ಕೆಎಸ್‌ಬಿ03 ಯಾರು ಅಂತ ಕೊನೆಯವರೆಗೂ ಸಿಗಲಿಲ್ಲ. ಆ 2009ರ ಐದು ಸಾಲು ಬರೆದದ್ದು ಇದೇ ಐಡಿ. ಮೂರು ಸಾವಿರಕ್ಕೆ ಹತ್ತಿರ ಹತ್ತಿರ ಕಮಿಟ್. ಸಂದೇಶಗಳೆಲ್ಲ ಪೂರ್ತಿ ವಾಕ್ಯಗಳು. ಏನು ಬದಲಾಯಿತು, ಯಾವ ಸಂಘದವರು ಕೇಳಿದ್ದು, ಮುಂದೆ ಯಾರಾದರೂ ಮುಟ್ಟಿದರೆ ಎಲ್ಲಿ ಹುಷಾರಾಗಿರಬೇಕು. ಕಡೆಗೆ ಅಕೌಂಟ್ಸ್ ಮೇಡಂ ನೆನಪಿಸಿಕೊಂಡು ಹೇಳಿದರು. ಮೊದಲು ಒಂದು ಸಂಘದಲ್ಲೇ ಗುಮಾಸ್ತರಾಗಿದ್ದು, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು ನಮ್ಮಲ್ಲಿಗೆ ಬಂದವರು. 2014ರಲ್ಲಿ ಬಿಟ್ಟರು. ಕೋವಿಡ್ ಎರಡನೇ ಅಲೆಯಲ್ಲಿ ತೀರಿಕೊಂಡರು.

ಅವರ ಮಗಳ ನಂಬರು ಸಿಕ್ಕಿತು. ತಂದೆಯವರ ಹೆಸರು ಹೇಗೆ ಬರೆಯಬೇಕು ಅಂತ ಕೇಳಲು ಫೋನು ಮಾಡಿದೆ. ಆಕೆ ಇನಿಷಿಯಲ್ ಸಮೇತ ಒಂದೊಂದೇ ಅಕ್ಷರ ಹೇಳಿದರು. "ಅಪ್ಪ ಬರೆದದ್ದು ಇನ್ನೂ ಓಡ್ತಾ ಇದೆಯಾ?" ಅಂತ ಕೇಳಿದರು. ಓಡ್ತಾ ಇದೆ, ದಿನಾ ಓಡ್ತಾ ಇದೆ ಅಂದೆ. ಪಟ್ಟಿಯ 63ನೇ ಸಾಲು ತುಂಬಿತು. ಸಾಧನ ಅವತ್ತು ರಾತ್ರಿ ಎಲ್ಲೂ ನಿಲ್ಲದೆ ಕೊನೆಯವರೆಗೆ ಓಡಿತು.

ದೊಡ್ಡವರ ಮನೆಯಲ್ಲೂ ಇದೇ ಪಾಡು

ಇದು ನಮ್ಮಂಥ ಸಣ್ಣ ಕಂಪನಿಯ ಭಾವುಕತೆ ಅಂದುಕೊಳ್ಳಬೇಡಿ. ಜಗತ್ತಿನ ಅರ್ಧ ಸಾಫ್ಟ್‌ವೇರಿಗೆ ಬೆನ್ನೆಲುಬಾದ ಜಿಸಿಸಿ ಕಂಪೈಲರ್ ಎಸ್‌ವಿಎನ್‌ನಿಂದ ಗಿಟ್‌ಗೆ ಪೂರ್ತಿ ಬಂದದ್ದು 2020ರ ಜನವರಿಯಲ್ಲಿ. 2.8 ಲಕ್ಷದಷ್ಟು ರಿವಿಶನ್. ಅದರ ಮಾತುಕತೆ, ಪ್ರಯೋಗ, ಜಗಳ ಎಲ್ಲ ಸೇರಿ ವರ್ಷಗಟ್ಟಲೆ ನಡೆದಿತ್ತು. ಎರಿಕ್ ರೇಮಂಡ್ ಅವರು ಇಂಥ ಕೆಲಸಕ್ಕೆಂದೇ ‘ರೆಪೋಸರ್ಜನ್’ ಅನ್ನುವ ಸಾಧನ ಬರೆದಿದ್ದರು. ಜಿಸಿಸಿಯ ಗಾತ್ರಕ್ಕೆ ಅದರ ಪೈಥಾನ್ ಕೋಡ್ ಏದುಸಿರು ಬಿಟ್ಟಿದ್ದರಿಂದ ಅದನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆಯಬೇಕಾಯಿತು. ಆಗಲೂ ಅವರು ಹೆಸರುಗಳ ವಿಷಯ ಬಿಡಲಿಲ್ಲ. ಕಮಿಟ್ ಒತ್ತಿದವರು ಒಬ್ಬರು, ನಿಜವಾಗಿ ಬರೆದವರು ಇನ್ನೊಬ್ಬರು ಆಗಿದ್ದ ಕಡೆ ಹಳೇ ‘ಚೇಂಜ್‌ಲಾಗ್’ ಫೈಲುಗಳನ್ನು ಓದಿ ಬರೆದವರ ಹೆಸರನ್ನು ಕೂರಿಸಿದರು. ಗಿಟ್‌ನಲ್ಲಿ ಬರೆದವರಿಗೂ ಸೇರಿಸಿದವರಿಗೂ ಬೇರೆ ಬೇರೆ ಜಾಗ ಇದೆ, ಹಾಗಾಗಿ ಯಾರಿಗೂ ಅನ್ಯಾಯವಿಲ್ಲ.

ಪೈಥಾನ್ ಭಾಷೆಯ ಕೋಡ್ ಮೂರು ಸಲ ಮನೆ ಬದಲಾಯಿಸಿದೆ. ಸಿವಿಎಸ್‌ನಿಂದ 2005ರಲ್ಲಿ ಎಸ್‌ವಿಎನ್‌ಗೆ, 2011ರಲ್ಲಿ ಮರ್ಕ್ಯುರಿಯಲ್‌ಗೆ, 2017ರ ಫೆಬ್ರುವರಿಯಲ್ಲಿ ಗಿಟ್‌ಗೆ. ಆದರೂ ಇವತ್ತು ನೀವು ಅದನ್ನು ಇಳಿಸಿಕೊಂಡು ಹಿಂದಕ್ಕೆ ಹೋದರೆ 1990ರ ಆಗಸ್ಟ್‌ನಲ್ಲಿ ಗೀಡೊ ವಾನ್ ರಾಸಮ್ ಮಾಡಿದ ಕಮಿಟ್ ಕಾಣುತ್ತೆ. ಗಿಟ್ ಹುಟ್ಟುವುದಕ್ಕೆ ಹದಿನೈದು ವರ್ಷ ಮೊದಲಿನದು! ಗ್ರೀಸ್‌ನ ಪ್ರಾಧ್ಯಾಪಕ ಡಯೊಮಿಡಿಸ್ ಸ್ಪಿನೆಲ್ಲಿಸ್ ಇನ್ನೂ ಮುಂದೆ ಹೋಗಿ 1970ರ ದಶಕದ ಮೊದಲ ಯುನಿಕ್ಸ್‌ನಿಂದ ಹಿಡಿದು ಈಚಿನವರೆಗಿನ ಕೋಡನ್ನು ಒಂದೇ ಗಿಟ್ ರೆಪಾಸಿಟರಿಯಲ್ಲಿ ಪೋಣಿಸಿದ್ದಾರೆ. ಅದರಲ್ಲಿ ಬ್ಲೇಮ್ ಮಾಡಿದರೆ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅವರ ಹೆಸರು ಬರುತ್ತೆ.

ಸಾಗಿಸದೆ ಸುಮ್ಮನಿದ್ದರೆ ಏನಾಗುತ್ತೆ ಅನ್ನುವುದಕ್ಕೂ ಉದಾಹರಣೆ ಇದೆ. ಬಿಟ್‌ಬಕೆಟ್ ತಾಣ ಮರ್ಕ್ಯುರಿಯಲ್ ರೆಪಾಸಿಟರಿಗಳಿಗೆ ಜಾಗ ಕೊಡುವುದನ್ನು ನಿಲ್ಲಿಸುತ್ತೇವೆ ಅಂತ 2019ರಲ್ಲಿ ಹೇಳಿ 2020ರಲ್ಲಿ ನಿಲ್ಲಿಸಿತು. ಎಷ್ಟೋ ಯೋಜನೆಗಳ ಮಾಲೀಕರು ಅಷ್ಟು ಹೊತ್ತಿಗೆ ಬೇರೆ ಬದುಕಿನಲ್ಲಿ ಮುಳುಗಿದ್ದರು. ಫ್ರಾನ್ಸ್‌ನ ಸಾಫ್ಟ್‌ವೇರ್ ಹೆರಿಟೇಜ್ ಸಂಸ್ಥೆ ಸಾರ್ವಜನಿಕವಾಗಿದ್ದ ರೆಪಾಸಿಟರಿಗಳನ್ನು ತನ್ನ ಭಂಡಾರಕ್ಕೆ ತುಂಬಿಕೊಂಡಿದ್ದರಿಂದ ಅವು ಉಳಿದವು. ನಿಮ್ಮ ಕಂಪನಿಯ ಖಾಸಗಿ ಕೋಡಿಗೆ ಅಂಥ ಆಪದ್ಬಾಂಧವ ಯಾರೂ ಇಲ್ಲ.

ಎಲ್ಲವನ್ನೂ ಹೊತ್ತುಕೊಂಡು ಹೋಗಬೇಡಿ

ಇತಿಹಾಸ ಬೇಕು ಅಂದ ಮಾತ್ರಕ್ಕೆ ಅಟ್ಟದ ಮೇಲಿನ ತಗಡು ಡಬ್ಬವನ್ನೂ ಸಾಗಿಸಬೇಕಿಲ್ಲ. ಆಗಲೇ ಹೇಳಿದ ತಲೆನೋವು ಇದೇ. ಎಸ್‌ವಿಎನ್‌ನಲ್ಲಿ ದೊಡ್ಡ ಫೈಲಿನ ಹಳೇ ರೂಪಗಳೆಲ್ಲ ಸರ್ವರ್‌ನಲ್ಲಿ ಕೂತಿರುತ್ತವೆ, ಯಾರಿಗೂ ಭಾರವಾಗಲ್ಲ. ಗಿಟ್‌ನಲ್ಲಿ ಅಷ್ಟೂ ಪ್ರತಿಯೊಬ್ಬರ ಲ್ಯಾಪ್‌ಟಾಪಿಗೆ ಇಳಿಯುತ್ತೆ. ನಮ್ಮಲ್ಲಿ ಪ್ರತಿ ರಿಲೀಸಿಗೂ ಇನ್‌ಸ್ಟಾಲರ್ ಫೈಲನ್ನೇ ಚೆಕ್‌ಇನ್ ಮಾಡುವ ರೂಢಿ ಇತ್ತು. ಅದನ್ನೆಲ್ಲ ಬೇರೆ ಸ್ಟೋರೇಜಿಗೆ ಎತ್ತಿಟ್ಟು ಇತಿಹಾಸದಿಂದ ಹೊರತೆಗೆದೆವು. ಗಿಟ್‌ಹಬ್ಬಿಗೆ ಕಳಿಸುವವರಿಗೆ ಬೇರೆ ದಾರಿಯೂ ಇಲ್ಲ, 100 ಎಂಬಿ ಮೀರಿದ ಫೈಲನ್ನು ಅದು ತಗೊಳ್ಳುವುದೇ ಇಲ್ಲ.

ಎರಡನೆಯದು ಪಾಸ್‌ವರ್ಡ್. ಯಾವುದೋ ಕಾಲದಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಕೋಡಿನಲ್ಲಿತ್ತು, ಆಮೇಲೆ ತೆಗೆದರು ಅನ್ನೋಣ. ಇತಿಹಾಸದಲ್ಲಿ ಅದು ಇದ್ದೇ ಇರುತ್ತೆ. ಗಿಟ್‌ಗೆ ಬಂದ ಮೇಲೆ ಪ್ರತಿ ಲ್ಯಾಪ್‌ಟಾಪಿನಲ್ಲೂ ಇರುತ್ತೆ. ಮೊದಲು ಆ ಪಾಸ್‌ವರ್ಡನ್ನೇ ಬದಲಾಯಿಸಿ, ಆಮೇಲೆ ಇತಿಹಾಸದಿಂದ ಅಳಿಸಿ. ಅಳಿಸಿದ್ದೇವಲ್ಲ ಅಂತ ಹಳೇದನ್ನೇ ಬಳಸುತ್ತಾ ಕೂರಬೇಡಿ.

ಇನ್ನು ಕೆಲವು ಸಣ್ಣ ಸಂಗತಿಗಳು, ಸಾಗಿಸುವ ದಿನ ಉಪಯೋಗಕ್ಕೆ ಬರುವಂಥವು.

ಎಸ್‌ವಿಎನ್‌ನ ಟ್ಯಾಗ್ ಅಂದರೆ ಬರೀ ಫೋಲ್ಡರಿನ ನಕಲು. ‘ಗಿಟ್ ಎಸ್‌ವಿಎನ್’ ಅದನ್ನು ಬ್ರಾಂಚ್ ಥರ ತರುತ್ತೆ. ಅವನ್ನು ನಿಜವಾದ ಟ್ಯಾಗ್ ಮಾಡುವ ಕೆಲಸ ನಿಮ್ಮದು.

ಹಳೇ ರಿವಿಶನ್ ನಂಬರನ್ನು ಎಸೆಯಬೇಡಿ. ಪ್ರತಿ ಕಮಿಟ್ ಸಂದೇಶದ ಕೆಳಗೆ ಹಳೇ ನಂಬರಿರುವ ಒಂದು ಸಾಲನ್ನು ಸಾಧನ ತಾನಾಗಿ ಸೇರಿಸುತ್ತೆ. ನೋಡಲು ಚೆನ್ನಾಗಿಲ್ಲ ಅಂತ ಎಷ್ಟೋ ಜನ ಅದನ್ನು ಬಂದ್ ಮಾಡುತ್ತಾರೆ. ಆದರೆ ಹಳೇ ಬಗ್ ದೂರುಗಳಲ್ಲಿ, ಇಮೇಲ್‌ಗಳಲ್ಲಿ "18422ರಲ್ಲಿ ಸರಿಯಾಗಿದೆ" ಅಂತ ಬರೆದಿರುತ್ತೆ. ಆ ಸಾಲು ಹೋದರೆ ಆ ದೂರುಗಳೆಲ್ಲ ವಿಳಾಸವಿಲ್ಲದ ಕಾಗದಗಳಾಗುತ್ತವೆ.

ಸಿವಿಎಸ್‌ನಿಂದ ಬರುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಫೈಲುಗಳ ಇತಿಹಾಸ ಬಿಡಿಬಿಡಿ ಇರುವುದರಿಂದ ಒಬ್ಬರೇ, ಒಂದೇ ಸಂದೇಶ, ಹತ್ತಿರ ಹತ್ತಿರದ ಸಮಯ ನೋಡಿ ಸಾಧನ ಊಹೆ ಮಾಡಿ ಒಂದು ಕಮಿಟ್ ಕಟ್ಟುತ್ತೆ. ಅದು ಊಹೆ ಅನ್ನುವುದು ನೆನಪಿರಲಿ.

ಮುಗಿದ ಮೇಲೆ ನಂಬಬೇಡಿ, ಅಳೆಯಿರಿ. ಪ್ರತಿ ರಿಲೀಸ್ ಟ್ಯಾಗನ್ನೂ ಎರಡೂ ಕಡೆಯಿಂದ ಇಳಿಸಿ ಹೋಲಿಸಿ. ಮೂರು ವ್ಯತ್ಯಾಸ ಸಹಜವಾಗಿ ಬರಬಹುದು. ಖಾಲಿ ಫೋಲ್ಡರುಗಳನ್ನು ಗಿಟ್ ಇಟ್ಟುಕೊಳ್ಳಲ್ಲ. ಸಾಲಿನ ಕೊನೆಯ ಗುರುತು ವಿಂಡೋಸ್ ಮತ್ತು ಲಿನಕ್ಸ್‌ಗೆ ಬೇರೆ. ಎಸ್‌ವಿಎನ್ ತಾನಾಗಿ ತುಂಬುತ್ತಿದ್ದ ರಿವಿಶನ್ ನಂಬರಿನ ಜಾಗಗಳು ಹಾಗೇ ಉಳಿಯುತ್ತವೆ. ಇವು ಬಿಟ್ಟು ಬೇರೆ ಏನು ಕಂಡರೂ ನಿಲ್ಲಿಸಿ, ಕಾರಣ ಹುಡುಕಿ.

ಹೊಸ ಮನೆಗೆ ಬಂದ ಕೂಡಲೇ ಎಲ್ಲ ಫೈಲುಗಳ ಫಾರ್ಮ್ಯಾಟ್ ಒಟ್ಟಿಗೆ ಸರಿಮಾಡುವ ಆಸೆ ಎಲ್ಲರಿಗೂ ಬರುತ್ತೆ. ಮಾಡಿದರೆ ಬ್ಲೇಮ್‌ನಲ್ಲಿ ಮತ್ತೆ ಒಬ್ಬರದೇ ಹೆಸರು ತುಂಬಿಕೊಳ್ಳುತ್ತೆ. 2019ರಲ್ಲಿ ಬಂದ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು ಬ್ಲೇಮ್ ಲೆಕ್ಕಕ್ಕೆ ತಗೊಳ್ಳದ ಹಾಗೆ ಒಂದು ಫೈಲಿನಲ್ಲಿ ಪಟ್ಟಿ ಕೊಡಬಹುದು. ಅದನ್ನು ಬಳಸಿ.

ಕೊನೆಗೆ ಹಳೇ ಸರ್ವರನ್ನು ಓದಲು ಮಾತ್ರ ಬರುವ ಹಾಗೆ ಮಾಡಿ ಕನಿಷ್ಠ ಒಂದು ವರ್ಷ ಇಡಿ. ಪೂರ್ತಿ ರೆಪಾಸಿಟರಿಯ ಒಂದು ಡಂಪ್ ತೆಗೆದು ಬ್ಯಾಕಪ್ಪಿನಲ್ಲಿ ಹಾಕಿ. ಅದು ಎಲ್ಲಿದೆ ಅಂತ ಹೊಸ ರೆಪಾಸಿಟರಿಯ ರೀಡ್‌ಮಿ ಫೈಲಿನಲ್ಲೇ ಬರೆಯಿರಿ.

ನಾಳೆ ಓದುವವರಿಗಾಗಿ

ಈ ಆರು ವಾರದಲ್ಲಿ ಹದಿನೆಂಟು ವರ್ಷದ ಕಮಿಟ್ ಸಂದೇಶಗಳನ್ನು ಸಾವಿರಗಟ್ಟಲೆ ಓದಿದೆ. ಹೆಚ್ಚಿನವು ‘ಫಿಕ್ಸ್ಡ್’, ‘ಅಪ್ಡೇಟ್’, ‘ಫೈನಲ್’, ಆಮೇಲೆ ‘ಫೈನಲ್ 2’. ಅವನ್ನೂ ಜೋಪಾನವಾಗಿ ಸಾಗಿಸಿದೆವು. ಆದರೆ ಅವುಗಳಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಒಳ್ಳೆಯ ಸಾಧನ ತಂದರೂ, ಬರೆಯದೇ ಬಿಟ್ಟ ಕಾರಣವನ್ನು ಸಾಗಿಸಲು ಆಗಲ್ಲ.

ಈಗ ಕಮಿಟ್ ಸಂದೇಶ ಬರೆಯಲು ಎಐ ಬಂದಿದೆ. ಬದಲಾದ ಸಾಲುಗಳನ್ನು ನೋಡಿ ಚೆಂದದ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಕೊಡುತ್ತೆ. ನಾನೂ ಬಳಸ್ತೀನಿ. ಆದರೆ ಅದಕ್ಕೆ ಕಾಣುವುದು ಏನು ಬದಲಾಯಿತು ಅನ್ನುವುದಷ್ಟೇ. ಸಂಘದ ಕಾರ್ಯದರ್ಶಿ ಫೋನಿನಲ್ಲಿ ಹೇಳಿದ ಕಾರಣ, ಓದಲು ಬಾರದ ಲೆಡ್ಜರ್, ಹುಡುಕಿ ತಂದ ರಸೀದಿ, ಇವೆಲ್ಲ ಅದಕ್ಕೆ ಗೊತ್ತಿಲ್ಲ. ಅದು ನಿಮಗೆ ಮಾತ್ರ ಗೊತ್ತು, ಅದೂ ಇವತ್ತು ಮಾತ್ರ. ಮುಂದಿನ ತಿಂಗಳು ನಿಮಗೂ ಮರೆತಿರುತ್ತೆ.

ನಮ್ಮ ತಂಡದಲ್ಲಿ ಈಗ ಒಂದೇ ಒಂದು ನಿಯಮ. ಕಮಿಟ್ ಸಂದೇಶದಲ್ಲಿ ಕನಿಷ್ಠ ಒಂದು ವಾಕ್ಯ ‘ಯಾಕೆ’ ಅನ್ನುವುದಕ್ಕೆ ಉತ್ತರ ಕೊಡಬೇಕು. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೇ ಬರೆಯಿರಿ ಅಂದಿದ್ದೇವೆ, ಗಿಟ್‌ಗೆ ಎರಡೂ ಒಂದೇ. ಮೊನ್ನೆ ಆ ಚುರುಕು ಹುಡುಗ ಒಂದು ಸಣ್ಣ ಬದಲಾವಣೆಗೆ ಆರು ಸಾಲು ಬರೆದಿದ್ದ. ರಿವ್ಯೂ ಮಾಡಿದವರು ಒಂದು ಸಾಲನ್ನೂ ಕತ್ತರಿಸಲಿಲ್ಲ.